ಇದು ಎಷ್ಟನೇ ಸಲ?

ಆಪರೇಷನ್ ಮುಗಿಸಿ ಅಪ್ಪನನ್ನು ಪಕ್ಕದ ವಾರ್ಡಿಗೆ ತಂದು ಮಲಗಿಸಿದ್ದರು. ಮಂಚದ ಪಕ್ಕದ ಕುರ್ಚಿಯಲ್ಲಿ ನಾನು ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅಪ್ಪ ಕಣ್ಣು ಬಿಟ್ಟರು. ಮೊದಲು ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಆಪರೇಷನ್ ಆಯ್ತಾ?" ಅಂತ ಕೇಳಿದರು. "ಆಯ್ತು ಅಪ್ಪ, ಎಲ್ಲ ಚೆನ್ನಾಗಿ ಆಯ್ತು" ಅಂದೆ. ಹಣೆಯ ಮೇಲಿನ ಗೆರೆಗಳು ಸಡಿಲಾದವು. "ಸದ್ಯ" ಅಂದು ಕಣ್ಣು ಮುಚ್ಚಿದರು. ಹತ್ತು ನಿಮಿಷ ಆಗಿರಬೇಕು, ಮತ್ತೆ ಕಣ್ಣು ಬಿಟ್ಟರು. ಫ್ಯಾನ್ ನೋಡಿದರು, ನನ್ನನ್ನು ನೋಡಿದರು. "ಆಪರೇಷನ್ ಆಯ್ತಾ?" ಅದೇ ದನಿ, ಅದೇ ಅಂಜಿಕೆ. ನಾನೂ ಅದೇ ಉತ್ತರ ಕೊಟ್ಟೆ. ಅದೇ ನೆಮ್ಮದಿ ಬಂತು, ಅದೇ "ಸದ್ಯ" ಬಂತು. ಮೂರನೇ ಸಲಕ್ಕೆ ನನಗೆ ಭಯ ಆಯಿತು. ಹೋಗಿ ನರ್ಸ್ ಅವರನ್ನು ಕೇಳಿದೆ. "ಮಂಪರು ಪೂರ್ತಿ ಇಳಿಯೋ ತನಕ ಹೀಗೇನೇ. ಎಚ್ಚರ ಇರ್ತಾರೆ, ಮಾತಾಡ್ತಾರೆ, ಆದರೆ ಯಾವುದೂ ನೆನಪಿನಲ್ಲಿ ಉಳಿಯಲ್ಲ. ಗಾಬರಿ ಬೇಡ" ಅಂದರು. ಆಮೇಲೆ ಓದಿದಾಗ ಗೊತ್ತಾಯಿತು, ಆಪರೇಷನ್ ಹೊತ್ತಿಗೆ ಮಂಪರು ಬರಿಸಲು ಕೊಡುವ ಮಿಡಜೋಲಾಮ್ ಥರದ ಔಷಧಿಗಳು ಮಾಡುವುದೇ ಇದನ್ನು. ಅವು ಹಳೆಯ ನೆನಪನ್ನು ಅಳಿಸುವುದಿಲ್ಲ, ಹೊಸ ನೆನಪು ಕೂರುವುದಕ್ಕೆ ಬಿಡುವುದಿಲ್ಲ.

ಐದನೇ ಸಲ ಅಪ್ಪ ಪ್ರಶ್ನೆ ಕೇಳಿ, ಉತ್ತರ ಕೇಳಿಸಿಕೊಂಡು, ಕಣ್ಣು ಮುಚ್ಚಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಉತ್ತರ ಆಗಲೇ ಬಾಯಿಪಾಠದ ಥರ ಬಂದಿತ್ತೋ ಏನೋ. "ಇದನ್ನ ನಿನ್ನ ಹತ್ರ ಆಗಲೇ ಕೇಳಿದ್ನಾ?" ಅಂದರು. "ಇದು ಐದನೇ ಸಲ ಅಪ್ಪ" ಅಂದೆ. ಅವರು ಬೆಚ್ಚಿದ ಹಾಗೆ ಆಯಿತು. "ಐದಾ? ನನಗೆ ಇದೇ ಮೊದಲು" ಅಂದರು.

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಅವರು ಸುಳ್ಳು ಹೇಳಲಿಲ್ಲ, ತಪ್ಪಾಗಿ ನೆನಪಿಟ್ಟುಕೊಂಡಿದ್ದೂ ಅಲ್ಲ. ಐದು ಸಲವೂ ಅವರ ಪಾಲಿಗೆ ಅದು ಮೊದಲನೆಯದೇ ಆಗಿತ್ತು. ಐದು ಎಚ್ಚರಗಳನ್ನು ಸಾಲಾಗಿ ಇಟ್ಟು ಒಳಗಿನಿಂದ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇಲ್ಲ. ಯಾವ ಎಚ್ಚರದ ಮೇಲೂ ಅದರ ನಂಬರ್ ಬರೆದಿರಲಿಲ್ಲ. ಕುರ್ಚಿಯಲ್ಲಿ ಕೂತ ನನಗೆ ಮಾತ್ರ ಅದು ಒಂದು, ಎರಡು, ಮೂರು. ಹಾಗಾದರೆ ಮಂಚದ ಮೇಲಿರುವವರು ಏನಂತ ನಂಬಬೇಕು? ಕಣ್ಣು ಬಿಟ್ಟ ಕೂಡಲೇ "ಇದು ಮೊದಲ ಸಲ" ಅಂತ ಅನ್ನಿಸುತ್ತದೆ. ಆದರೆ ಔಷಧಿಯ ವಿಷಯ ಗೊತ್ತಿದ್ದರೆ ಆ ಅನಿಸಿಕೆಗೆ ಬೆಲೆ ಎಷ್ಟು ಕೊಡಬೇಕು? ಅರ್ಧ? ಹತ್ತರಲ್ಲಿ ಒಂದು?

ಒಂದು ನಾಣ್ಯ, ಎರಡು ಎಚ್ಚರ

ಇದೇ ಪ್ರಶ್ನೆಯನ್ನು ಸೋಸಿ, ಬೇಡದ್ದನ್ನೆಲ್ಲ ತೆಗೆದುಹಾಕಿ, ಒಂದು ಒಗಟಾಗಿ ಮಾಡಿಟ್ಟಿದ್ದಾರೆ. ಅದಕ್ಕೆ 'ಸ್ಲೀಪಿಂಗ್ ಬ್ಯೂಟಿ' ಅಂತ ಹೆಸರು. ನಾನು ಆಕೆಯನ್ನು ಸುಂದರಿ ಅಂತ ಕರೆಯುತ್ತೇನೆ. ಭಾನುವಾರ ರಾತ್ರಿ ಸುಂದರಿಯನ್ನು ಮಲಗಿಸುತ್ತಾರೆ. ಆಮೇಲೆ ಒಂದು ನಾಣ್ಯ ಚಿಮ್ಮುತ್ತಾರೆ. ಹೆಡ್ ಬಿದ್ದರೆ ಸೋಮವಾರ ಒಂದೇ ಸಲ ಎಬ್ಬಿಸುತ್ತಾರೆ. ಟೇಲ್ ಬಿದ್ದರೆ ಸೋಮವಾರ ಒಂದು ಸಲ ಎಬ್ಬಿಸಿ, ಆ ಎಚ್ಚರ ಪೂರ್ತಿ ಮರೆಯುವ ಹಾಗೆ ಔಷಧಿ ಕೊಟ್ಟು ಮಲಗಿಸಿ, ಮಂಗಳವಾರ ಇನ್ನೊಂದು ಸಲ ಎಬ್ಬಿಸುತ್ತಾರೆ. ಈ ನಿಯಮಗಳೆಲ್ಲ ಆಕೆಗೆ ಭಾನುವಾರವೇ ಗೊತ್ತು. ಎದ್ದಾಗ ಕೋಣೆಯಲ್ಲಿ ಗಡಿಯಾರ ಇಲ್ಲ, ಕಿಟಕಿ ಇಲ್ಲ, ದಿನ ತಿಳಿಸುವ ಯಾವ ಗುರುತೂ ಇಲ್ಲ. ಆಗ ಕೇಳುತ್ತಾರೆ: ನಾಣ್ಯ ಹೆಡ್ ಬಿದ್ದಿರುವ ಸಾಧ್ಯತೆ ಎಷ್ಟು?

ಈ ಥರದ ಯೋಚನೆಯನ್ನು ಮೊದಲು ಶುರು ಮಾಡಿದವರು ಆರ್ನಾಲ್ಡ್ ಜುಬಾಫ್ ಎಂಬ ತತ್ವಶಾಸ್ತ್ರಜ್ಞ. ಒಗಟಿಗೆ ಈ ಹೆಸರು ಇಟ್ಟವರು ರಾಬರ್ಟ್ ಸ್ಟಾಲ್ನೇಕರ್. ಜಗಳ ಜೋರಾಗಿದ್ದು 2000ರಲ್ಲಿ, ಆಡಮ್ ಎಲ್ಗಾ 'ಅನಾಲಿಸಿಸ್' ಪತ್ರಿಕೆಯಲ್ಲಿ ಕೆಲವೇ ಪುಟಗಳ ಒಂದು ಲೇಖನ ಬರೆದಾಗ. ಮೂರರಲ್ಲಿ ಒಂದು ಅಂದರು ಎಲ್ಗಾ. ಮರುವರ್ಷವೇ ಅದೇ ಪತ್ರಿಕೆಯಲ್ಲಿ ಡೇವಿಡ್ ಲೂಯಿಸ್ ಉತ್ತರ ಕೊಟ್ಟರು. ಇಲ್ಲ, ಅರ್ಧ ಅಂದರು. ಇಬ್ಬರೂ ಒಂದೇ ನಾಣ್ಯದ ಬಗ್ಗೆ, ಒಂದೇ ನಿಯಮಗಳ ಬಗ್ಗೆ ಮಾತಾಡುತ್ತಿದ್ದರು. ಲೆಕ್ಕದಲ್ಲಿ ಯಾರೂ ತಪ್ಪಿರಲಿಲ್ಲ. ಆದರೂ ಉತ್ತರ ಬೇರೆ ಬೇರೆ. ಇಷ್ಟು ಸಣ್ಣ ಲೆಕ್ಕದಲ್ಲಿ ಇಷ್ಟು ದೊಡ್ಡ ಒಡಕು ಇರಬಹುದು ಅನ್ನುವುದೇ ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ.

ಲೂಯಿಸ್ ಅವರ ಮಾತು ಕೇಳಿದ ಕೂಡಲೇ ಸರಿ ಅನ್ನಿಸುತ್ತದೆ. ಭಾನುವಾರ ಸುಂದರಿ ಅರ್ಧ ಅಂತ ನಂಬಿದ್ದಳು. ಎದ್ದ ಮೇಲೆ ಹೊಸದಾಗಿ ಏನು ತಿಳಿಯಿತು? ಏನೂ ಇಲ್ಲ. ಹೆಡ್ ಬಿದ್ದರೂ ಏಳುತ್ತಾಳೆ, ಟೇಲ್ ಬಿದ್ದರೂ ಏಳುತ್ತಾಳೆ. ಎದ್ದೇ ಏಳುತ್ತೇನೆ ಅಂತ ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದೇ ನಡೆದರೆ ನಂಬಿಕೆ ಯಾಕೆ ಬದಲಾಗಬೇಕು?

ಎಲ್ಗಾ ಅವರ ದಾರಿ ಸ್ವಲ್ಪ ಸುತ್ತು. ಎದ್ದಾಗ ಸುಂದರಿಯ ಮುಂದೆ ಮೂರು ಸಾಧ್ಯತೆ ಇವೆ. ಹೆಡ್ ಮತ್ತು ಸೋಮವಾರ, ಟೇಲ್ ಮತ್ತು ಸೋಮವಾರ, ಟೇಲ್ ಮತ್ತು ಮಂಗಳವಾರ. ಟೇಲ್ ಬಿದ್ದಿದೆ ಅಂತ ಯಾರಾದರೂ ಹೇಳಿಬಿಟ್ಟರು ಅಂದುಕೊಳ್ಳಿ. ಆಗ ಇವತ್ತು ಸೋಮವಾರವೋ ಮಂಗಳವಾರವೋ, ಎರಡೂ ಸಮ. ಅದರ ಬದಲು, ಇವತ್ತು ಸೋಮವಾರ ಅಂತ ಹೇಳಿಬಿಟ್ಟರು ಅಂದುಕೊಳ್ಳಿ. ನಾಣ್ಯವನ್ನು ಸೋಮವಾರ ರಾತ್ರಿ ಚಿಮ್ಮಿದರೂ ಪ್ರಯೋಗ ನಡೆಯುತ್ತದೆ, ಯಾಕೆಂದರೆ ಸೋಮವಾರ ಹೇಗಿದ್ದರೂ ಎಬ್ಬಿಸುತ್ತಾರೆ. ಇನ್ನೂ ಚಿಮ್ಮದೇ ಇರುವ ನಾಣ್ಯ ಹೆಡ್ ಬೀಳುವ ಸಾಧ್ಯತೆ ಅರ್ಧ. ಹಾಗಾಗಿ ಹೆಡ್-ಸೋಮವಾರ, ಟೇಲ್-ಸೋಮವಾರ ಎರಡೂ ಸಮ. ಎರಡನ್ನೂ ಜೋಡಿಸಿದರೆ ಮೂರು ಸಾಧ್ಯತೆಗಳೂ ಸಮ ಆಗುತ್ತವೆ. ಹೆಡ್ ಇರುವುದು ಅದರಲ್ಲಿ ಒಂದರಲ್ಲಿ ಮಾತ್ರ.

ಲೂಯಿಸ್ ಅರ್ಧಕ್ಕೆ ಅಂಟಿಕೊಂಡಿದ್ದಕ್ಕೆ ದುಬಾರಿ ಬೆಲೆ ಕೊಡಬೇಕಾಯಿತು. ಹೆಡ್-ಸೋಮವಾರಕ್ಕೆ ಅರ್ಧ ಕೊಟ್ಟು, ಉಳಿದ ಅರ್ಧವನ್ನು ಟೇಲ್‌ನ ಎರಡು ದಿನಗಳಿಗೆ ಕಾಲು ಕಾಲು ಹಂಚಿದರೆ, 'ಇವತ್ತು ಸೋಮವಾರ' ಅಂತ ತಿಳಿದ ಕೂಡಲೇ ಹೆಡ್‌ನ ಸಾಧ್ಯತೆ ಮೂರರಲ್ಲಿ ಎರಡಕ್ಕೆ ಏರುತ್ತದೆ. ಅಂದರೆ ಇನ್ನೂ ಕೈಯಲ್ಲೇ ಇರುವ, ಯಾವ ಮೋಸವೂ ಇಲ್ಲದ ನಾಣ್ಯದ ಬಗ್ಗೆ ಸುಂದರಿ 'ಇದು ಹೆಡ್ ಬೀಳುವುದೇ ಜಾಸ್ತಿ' ಅಂತ ನಂಬಬೇಕು. ಲೂಯಿಸ್ ಇದನ್ನು ಮುಚ್ಚಿಡಲಿಲ್ಲ, ಹೌದು ಹಾಗೇ ಅಂತ ಒಪ್ಪಿಕೊಂಡರು. ಅವರ ಪ್ರಾಮಾಣಿಕತೆ ನನಗೆ ತುಂಬ ಇಷ್ಟ. ಆದರೆ ಆ ಬೆಲೆ ಕೊಡುವುದಕ್ಕೆ ನನ್ನ ಕೈ ಬರುವುದಿಲ್ಲ.

ಮಂಚದ ಲೆಕ್ಕ, ಕುರ್ಚಿಯ ಲೆಕ್ಕ

ಒಂದು ನೋಟ್ ಪುಸ್ತಕ ಇಟ್ಟುಕೊಂಡು ಯೋಚಿಸಿದರೆ ಸ್ವಲ್ಪ ತಿಳಿಯಾಗುತ್ತದೆ. ಈ ಪ್ರಯೋಗವನ್ನು ನೂರು ವಾರ ಮಾಡಿದರು ಅನ್ನಿ. ಸುಮಾರು ಐವತ್ತು ವಾರ ಹೆಡ್, ಐವತ್ತು ವಾರ ಟೇಲ್. ಪ್ರತಿ ಸಲ ಸುಂದರಿ ಎದ್ದಾಗ ಒಂದು ಹೊಸ ಹಾಳೆಯಲ್ಲಿ 'ಎದ್ದೆ' ಅಂತ ಬರೆಯುತ್ತಾಳೆ. ಕೊನೆಗೆ ಸುಮಾರು ನೂರೈವತ್ತು ಹಾಳೆ ಆಗುತ್ತದೆ. ಅದರಲ್ಲಿ ಹೆಡ್ ವಾರದ ಹಾಳೆ ಐವತ್ತು, ಟೇಲ್ ವಾರದ ಹಾಳೆ ನೂರು. ವಾರಗಳನ್ನು ಎಣಿಸಿದರೆ ಹೆಡ್ ಅರ್ಧ. ಹಾಳೆಗಳನ್ನು ಎಣಿಸಿದರೆ ಮೂರರಲ್ಲಿ ಒಂದು. ಕುರ್ಚಿಯಲ್ಲಿ ಕೂತು ಪ್ರಯೋಗ ನಡೆಸುವವರು ವಾರಗಳನ್ನು ಎಣಿಸುತ್ತಾರೆ. ಮಂಚದ ಮೇಲಿರುವವಳ ಕೈಯಲ್ಲಿ ವಾರ ಇರುವುದಿಲ್ಲ, ಒಂದು ಹಾಳೆ ಇರುತ್ತದೆ.

ಇದು ಒಗಟಿನಲ್ಲಿ ಮಾತ್ರ ಆಗುವುದಲ್ಲ. ಒಂದು ಶಾಲೆಯಲ್ಲಿ ನಾಲ್ಕು ತರಗತಿ ಅಂದುಕೊಳ್ಳಿ. ಮೂರರಲ್ಲಿ ಹತ್ತತ್ತು ಮಕ್ಕಳು, ಒಂದರಲ್ಲಿ ತೊಂಬತ್ತು. ಹೆಡ್‌ಮಾಸ್ಟರ್ ಲೆಕ್ಕದಲ್ಲಿ ತರಗತಿಗೆ ಸರಾಸರಿ 30 ಮಕ್ಕಳು. ಈಗ ಪ್ರತಿ ಮಗುವನ್ನೂ 'ನಿನ್ನ ತರಗತಿಯಲ್ಲಿ ಎಷ್ಟು ಜನ?' ಅಂತ ಕೇಳಿ ಸರಾಸರಿ ತೆಗೆಯಿರಿ. ಉತ್ತರ 70 ಬರುತ್ತದೆ. ತೊಂಬತ್ತು ಮಕ್ಕಳು 'ತೊಂಬತ್ತು' ಅನ್ನುತ್ತಾರೆ, ಮೂವತ್ತು ಮಕ್ಕಳು ಮಾತ್ರ 'ಹತ್ತು' ಅನ್ನುತ್ತಾರೆ. ಮೂವತ್ತೂ ನಿಜ, ಎಪ್ಪತ್ತೂ ನಿಜ. ಕಿಕ್ಕಿರಿದ ಕೋಣೆ ಒಂದೇ ಆದರೂ ಅದರೊಳಗೆ ಕೂತವರೇ ಜಾಸ್ತಿ. ಸ್ಕಾಟ್ ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞ 1991ರಲ್ಲಿ ಇದೇ ಎಳೆ ಹಿಡಿದು ಗೆಳೆತನದ ಬಗ್ಗೆ ಬರೆದರು. ಹೆಚ್ಚಿನವರ ಗೆಳೆಯರಿಗೆ ಅವರಿಗಿಂತ ಜಾಸ್ತಿ ಗೆಳೆಯರು ಇರುತ್ತಾರೆ. ತುಂಬ ಗೆಳೆಯರಿರುವವರು ತುಂಬ ಜನರ ಪಟ್ಟಿಯಲ್ಲಿ ಇರುತ್ತಾರಲ್ಲ, ಅದಕ್ಕೆ. ಒಬ್ಬಂಟಿ ಅನ್ನಿಸುವ ದಿನ ಈ ಲೆಕ್ಕ ನೆನಪಾಗುತ್ತದೆ, ಸ್ವಲ್ಪ ಹಗುರ ಅನ್ನಿಸುತ್ತದೆ.

ಹಾಗಾದರೆ ಮುಗಿಯಿತಲ್ವಾ, ಯಾವುದನ್ನು ಎಣಿಸುತ್ತೇವೆ ಅನ್ನುವುದರ ಮೇಲೆ ಉತ್ತರ ನಿಂತಿದೆ, ಎರಡೂ ಸರಿ ಅನ್ನುವವರು ಇದ್ದಾರೆ. ನನಗೆ ಅಷ್ಟಕ್ಕೇ ಬಿಡಲು ಮನಸ್ಸಿಲ್ಲ. ಅಪ್ಪ ಕಣ್ಣು ಬಿಟ್ಟಾಗ ಅವರು ಏನನ್ನೂ ಎಣಿಸುತ್ತಿರಲಿಲ್ಲ. ಅವರಿಗೆ ಇದ್ದದ್ದು ಒಂದೇ ಎಚ್ಚರ, ಆಗ ನಡೆಯುತ್ತಿದ್ದ ಎಚ್ಚರ. 'ಎಚ್ಚರಗಳಲ್ಲಿ ಎಷ್ಟು ಪಾಲು' ಅನ್ನುವುದು ಆ ಹೊತ್ತಿನಲ್ಲಿ ಅವರ ಪ್ರಶ್ನೆಯೇ ಅಲ್ಲ. ಇದು, ಈಗಿನದು, ಯಾವುದು? ಅದು ಅವರ ಪ್ರಶ್ನೆ.

ಈ 'ಈಗ' ಎಷ್ಟು ತೊಂದರೆ ಕೊಡುತ್ತದೆ ಅನ್ನುವುದಕ್ಕೆ ಇನ್ನೊಂದು ಒಗಟು ಇದೆ. 1997ರಲ್ಲಿ ಮಿಕೆಲೆ ಪಿಚ್ಚೋನೆ ಮತ್ತು ಏರಿಯಲ್ ರೂಬಿನ್‌ಸ್ಟೈನ್ ಮರೆಗುಳಿ ಚಾಲಕನ ಕಥೆ ಹೇಳಿದರು. ರಾತ್ರಿ ಒಬ್ಬ ಹೆದ್ದಾರಿಯಲ್ಲಿ ಹೋಗುತ್ತಿದ್ದಾನೆ. ನೋಡಲು ಒಂದೇ ಥರದ ಎರಡು ತಿರುವು ಬರುತ್ತವೆ. ಮೊದಲ ತಿರುವಿನಲ್ಲಿ ತಿರುಗಿದರೆ 0 ಅಂಕ, ಎರಡನೆಯದರಲ್ಲಿ ತಿರುಗಿದರೆ 4, ತಿರುಗದೇ ನೇರ ಹೋದರೆ 1. ತಿರುವಿನ ಹತ್ತಿರ ಬಂದಾಗ ಹಿಂದೆ ಒಂದನ್ನು ದಾಟಿದ್ದೆನಾ ಇಲ್ಲವಾ ಅಂತ ಆತನಿಗೆ ನೆನಪಿರುವುದಿಲ್ಲ. ಹೊರಡುವ ಮುಂಚೆ ಯೋಚಿಸಿದರೆ ಸುಮ್ನೆ ನೇರ ಹೋಗುವುದೇ ಸರಿ. ತಿರುಗುತ್ತೇನೆ ಅಂತ ನಿರ್ಧರಿಸಿದರೆ ಮೊದಲನೆಯದರಲ್ಲೇ ತಿರುಗಿಬಿಡುತ್ತಾನಲ್ಲ. ಆದರೆ ತಿರುವಿನಲ್ಲಿ ನಿಂತು ಹೊಸದಾಗಿ ಯೋಚಿಸಿದರೆ ಲೆಕ್ಕ ಬೇರೆ. 'ನಾನು ನೇರ ಹೋಗುವವನು. ಹಾಗಾಗಿ ಇದು ಮೊದಲನೆಯದಾಗಿರಲು ಅರ್ಧ, ಎರಡನೆಯದಾಗಿರಲು ಅರ್ಧ ಸಾಧ್ಯತೆ. ತಿರುಗಿದರೆ ಸರಾಸರಿ 2 ಅಂಕ. 1ಕ್ಕಿಂತ 2 ಮೇಲು.' ಹಾಗಂದುಕೊಂಡು ತಿರುಗಿದರೆ ಆತನಿಗೆ ಸಿಗುವುದು ಸೊನ್ನೆ. ಹೊರಟ ಮೇಲೆ ಹೊಸ ವಿಷಯ ಒಂದೂ ತಿಳಿದಿಲ್ಲ, ಆಸೆಯೂ ಬದಲಾಗಿಲ್ಲ, ಆದರೂ ಮನಸ್ಸು ಬದಲಾಯಿತು. ಪ್ರತಿ ತಿರುವಿನಲ್ಲೂ ಚೀಟಿ ಎತ್ತಿ ನಿರ್ಧರಿಸುವ ಅವಕಾಶ ಇದ್ದರೆ, ಮೂರರಲ್ಲಿ ಎರಡು ಸಲ ನೇರ, ಒಂದು ಸಲ ತಿರುವು ಅನ್ನುವ ಯೋಜನೆ ಎಲ್ಲಕ್ಕಿಂತ ಒಳ್ಳೆಯದು, ಸರಾಸರಿ 4/3 ಅಂಕ. ಅಲ್ಲೂ ಅಷ್ಟೇ, ಮನೆಯಲ್ಲಿ ಮಾಡಿದ ಯೋಜನೆಯನ್ನು ನಂಬಬೇಕು. ದಾರಿಯಲ್ಲಿ ನಿಂತವನಿಗೆ ಅದು ಕಷ್ಟ.

ನಕ್ಷೆಯಲ್ಲಿ ಇಲ್ಲದ ಚುಕ್ಕೆ

ಚಿಕ್ಕವಯಸ್ಸಿನ ಒಂದು ಸಂಜೆ ನೆನಪಿದೆ. ಮಧ್ಯಾಹ್ನ ಮಲಗಿದ್ದ ನಾನು ಎದ್ದಾಗ ಕೋಣೆಯಲ್ಲಿ ಮಬ್ಬು ಬೆಳಕು. ಮನೆಯಲ್ಲಿ ಸದ್ದಿಲ್ಲ. ಬೆಳಗಾಗಿದೆ, ಶಾಲೆಗೆ ಹೊತ್ತಾಯಿತು ಅಂತ ಎದೆ ಡವಡವ ಅನ್ನುತ್ತಿತ್ತು. ಬಚ್ಚಲಿಗೆ ಹೋಗಿ ಹಲ್ಲುಜ್ಜಲು ಶುರು ಮಾಡಿದೆ. ಉಜ್ಜುತ್ತಾ ಕಿಟಕಿ ನೋಡಿದೆ. ಬೆಳಕು ಜಾಸ್ತಿ ಆಗುವ ಬದಲು ಕಡಿಮೆ ಆಗುತ್ತಿತ್ತು. ಕೈ ನಿಂತಿತು. ಕೆಲವು ನಿಮಿಷ ಹಾಗೇ ಕಿಟಕಿ ನೋಡುತ್ತಾ ನಿಂತಿದ್ದೆ. ಆಕಾಶ ಕಪ್ಪಾಗುತ್ತಾ ಹೋದ ಹಾಗೆ ನನ್ನ ಬೆಳಗ್ಗೆ ಕರಗಿ ಸಂಜೆ ಆಯಿತು. ಹೊರಗೆ ಏನೂ ಬದಲಾಗಿರಲಿಲ್ಲ. ಸೂರ್ಯ ಅವನ ಪಾಡಿಗೆ ಮುಳುಗುತ್ತಿದ್ದ. ದಿನದಲ್ಲಿ ನಾನಿದ್ದ ಜಾಗ ಮಾತ್ರ ಒಂದೇ ಏಟಿಗೆ ಹನ್ನೆರಡು ಗಂಟೆ ಹಿಂದಕ್ಕೆ ಬಂದಿತ್ತು.

ಜಗತ್ತಿನ ಬಗ್ಗೆ ಗೊತ್ತಿಲ್ಲದಿರುವುದು ಬೇರೆ, ಜಗತ್ತಿನಲ್ಲಿ ನಾನೆಲ್ಲಿದ್ದೇನೆ ಅಂತ ಗೊತ್ತಿಲ್ಲದಿರುವುದು ಬೇರೆ. ಇದನ್ನು 1979ರಲ್ಲಿ ಇಬ್ಬರು ತತ್ವಶಾಸ್ತ್ರಜ್ಞರು ತಮ್ಮ ತಮ್ಮ ರೀತಿಯಲ್ಲಿ ತೋರಿಸಿಕೊಟ್ಟರು. ಜಾನ್ ಪೆರಿ ಹೇಳಿದ ಕಥೆ ಹೀಗಿದೆ. ಸೂಪರ್ ಮಾರ್ಕೆಟಿನ ನೆಲದ ಮೇಲೆ ಸಕ್ಕರೆಯ ಗೆರೆ. ಯಾರದ್ದೋ ಚೀಲ ಹರಿದಿದೆ, ಹೇಳೋಣ ಅಂತ ಗೆರೆ ಹಿಡಿದು ಸುತ್ತುತ್ತಾರೆ. ಸುತ್ತಿದಷ್ಟೂ ಗೆರೆ ದಪ್ಪ ಆಗುತ್ತದೆ. ಕೊನೆಗೆ ಹೊಳೆಯುತ್ತದೆ, ಚೀಲ ಹರಿದಿರುವುದು ತನ್ನ ಗಾಡಿಯಲ್ಲೇ. 'ಚೀಲ ಹರಿದವರು ಒಬ್ಬರು ಇದ್ದಾರೆ' ಅನ್ನುವುದು ಮೊದಲೇ ಗೊತ್ತಿತ್ತು. 'ಅದು ನಾನು' ಅನ್ನುವುದು ಗೊತ್ತಾದಾಗ ಮಾತ್ರ ಕಾಲು ನಿಂತಿತು. ಇನ್ನೊಬ್ಬರು ಆಗಲೇ ಹೇಳಿದ ಲೂಯಿಸ್. ಅವರ ಕಥೆಯಲ್ಲಿ ಇಬ್ಬರು ದೇವರು. ಒಬ್ಬ ಎಲ್ಲಕ್ಕಿಂತ ಎತ್ತರದ ಬೆಟ್ಟದ ಮೇಲೆ ಕೂತು ಕೆಳಗೆ ಆಹಾರ ಎಸೆಯುತ್ತಾನೆ. ಇನ್ನೊಬ್ಬ ಎಲ್ಲಕ್ಕಿಂತ ತಣ್ಣನೆಯ ಬೆಟ್ಟದ ಮೇಲೆ ಕೂತು ಸಿಡಿಲು ಎಸೆಯುತ್ತಾನೆ. ಜಗತ್ತಿನ ಪ್ರತಿಯೊಂದು ಸಂಗತಿಯೂ ಇಬ್ಬರಿಗೂ ಗೊತ್ತು. ಆದರೂ 'ಈ ಇಬ್ಬರಲ್ಲಿ ನಾನು ಯಾರು' ಅನ್ನುವುದು ಇಬ್ಬರಿಗೂ ಗೊತ್ತಿಲ್ಲದೇ ಇರಬಹುದು. ನಕ್ಷೆ ಎಷ್ಟೇ ದೊಡ್ಡದಿರಲಿ, 'ನೀವು ಇಲ್ಲಿದ್ದೀರಿ' ಅನ್ನುವ ಕೆಂಪು ಚುಕ್ಕೆ ಇಲ್ಲದಿದ್ದರೆ ದಾರಿ ಸಿಗುವುದಿಲ್ಲ.

ಎಂಜಿನಿಯರುಗಳಿಗೆ ಇದು ದಿನನಿತ್ಯದ ಕೆಲಸ. ಒಂದು ರೋಬೋಟ್ ಉದ್ದನೆಯ ಕಾರಿಡಾರಿನಲ್ಲಿದೆ. ಅದರ ಬಳಿ ನಕ್ಷೆ ಇದೆ, ಆದರೆ ತಾನೆಲ್ಲಿದ್ದೇನೆ ಅಂತ ಗೊತ್ತಿಲ್ಲ. ಕಾರಿಡಾರಿನಲ್ಲಿ ಒಂದೇ ಥರದ ಮೂರು ಬಾಗಿಲು. ಮೊದಲ ಎರಡು ಹತ್ತಿರ ಹತ್ತಿರ, ಮೂರನೆಯದು ದೂರ. ರೋಬೋಟಿಗೆ ಪಕ್ಕದಲ್ಲಿ ಒಂದು ಬಾಗಿಲು ಕಾಣುತ್ತದೆ. ಆಗ ಅದರ ನಂಬಿಕೆ ಮೂರು ಗುಡ್ಡೆಯಾಗುತ್ತದೆ, ಮೂರೂ ಸಮ. ಸ್ವಲ್ಪ ಮುಂದೆ ಹೋಗುತ್ತದೆ, ಮೂರೂ ಗುಡ್ಡೆಯನ್ನು ಅಷ್ಟೇ ಮುಂದಕ್ಕೆ ಸರಿಸುತ್ತದೆ. ಮತ್ತೆ ಬಾಗಿಲು ಕಂಡರೆ, ಓ, ಹಾಗಾದರೆ ನಾನಿರುವುದು ಎರಡನೇ ಬಾಗಿಲಿನ ಹತ್ತಿರ. ಡೆಲಾರ್ಟ್, ಫಾಕ್ಸ್, ಬರ್ಗಾರ್ಡ್ ಮತ್ತು ಥ್ರನ್ 1999ರಲ್ಲಿ ಕೊಟ್ಟ ಮಾಂಟೆ ಕಾರ್ಲೊ ವಿಧಾನ ಇದನ್ನೇ ಮಾಡುತ್ತದೆ. ನಕ್ಷೆಯ ತುಂಬ ಊಹೆಯ ಚುಕ್ಕೆಗಳನ್ನು ಚೆಲ್ಲುತ್ತದೆ, ರೋಬೋಟ್ ಸರಿದ ಹಾಗೆ ಅವನ್ನೂ ಸರಿಸುತ್ತದೆ, ಕಂಡದ್ದಕ್ಕೆ ಹೊಂದದ ಚುಕ್ಕೆಗಳನ್ನು ಬಿಡುತ್ತಾ ಹೋಗುತ್ತದೆ. ಬಚ್ಚಲಿನ ಕಿಟಕಿಯ ಹತ್ತಿರ ನಾನು ಮಾಡಿದ್ದೂ ಇದನ್ನೇ. ಒಂದು ಕ್ಷಣದ ಬೆಳಕು ಬೆಳಗ್ಗೆ ಸಂಜೆ ಎರಡಕ್ಕೂ ಹೊಂದುತ್ತದೆ. ಕೆಲವು ನಿಮಿಷದ ಬೆಳಕು ಒಂದಕ್ಕೆ ಮಾತ್ರ ಹೊಂದುತ್ತದೆ.

ಇಲ್ಲಿ ನನಗೆ ಒಂದು ವಿಷಯ ಹೊಳೆಯಿತು, ಅದೇ ಈ ಬರಹ ಬರೆಯಲು ಕಾರಣ. ರೋಬೋಟ್ ಗೆಲ್ಲುವುದು ಹಿಂದಿನ ಹೆಜ್ಜೆಯ ನಂಬಿಕೆಯನ್ನು ಹೊತ್ತುಕೊಂಡು ಬರುವುದರಿಂದ. ಆ ಹೊರೆ ಬಿದ್ದುಹೋದರೆ ಪ್ರತಿ ಬಾಗಿಲೂ ಮೊದಲ ಬಾಗಿಲೇ. 'ಹೊಸ ವಿಷಯ ತಿಳಿದರೆ ನಂಬಿಕೆ ಬದಲಿಸು, ಇಲ್ಲದಿದ್ದರೆ ಹಾಗೇ ಇಟ್ಟುಕೋ' ಅನ್ನುವ ನಿಯಮ ಇದೆಯಲ್ಲ, ಲೂಯಿಸ್ ಗಟ್ಟಿಯಾಗಿ ಹಿಡಿದುಕೊಂಡದ್ದು, ಅದು ಹೊರೆ ಬೀಳದವರಿಗೆ ಮಾಡಿದ ನಿಯಮ. ಭಾನುವಾರ ಸುಂದರಿಗೆ 'ಇವತ್ತು ಭಾನುವಾರ' ಅಂತ ಗೊತ್ತಿತ್ತು. ಎದ್ದಾಗ ಅದು ಇಲ್ಲ. ಆಕೆ ಹೊಸದಾಗಿ ಏನೂ ಪಡೆಯಲಿಲ್ಲ, ನಿಜ. ಆದರೆ ಒಂದನ್ನು ಕಳೆದುಕೊಂಡಿದ್ದಾಳೆ. ಕಳೆದುಕೊಂಡದ್ದರಿಂದಲೂ ಲೆಕ್ಕ ಬದಲಾಗುತ್ತದೆ. ಎಲ್ಗಾ ಕೂಡ ಇದರ ಹತ್ತಿರದ ಮಾತು ಹೇಳಿದ್ದಾರೆ. ಭಾನುವಾರ ಆಕೆಗೆ ತಾನು ಯಾವ ದಿನದಲ್ಲಿದ್ದೇನೆ ಅನ್ನುವುದಕ್ಕೂ ನಾಣ್ಯಕ್ಕೂ ಸಂಬಂಧ ಇರಲಿಲ್ಲ, ಎದ್ದ ಮೇಲೆ ಸಂಬಂಧ ಬಂದಿದೆ. ಮಂಗಳವಾರ ಆಗಿದ್ದರೆ ಟೇಲ್ ಖಂಡಿತ ಅಲ್ವಾ? ಮಂಗಳವಾರ ಆಗಿರಬಹುದು ಅಂತಾದ ಮೇಲೆ ಟೇಲ್ ಕಡೆಗೆ ಸ್ವಲ್ಪ ವಾಲಲೇಬೇಕು. ಹಾಗಾಗಿ ನಾನು ಎಲ್ಗಾ ಕಡೆ. ಮಂಚದ ಮೇಲೆ ನಾನಿದ್ದರೆ ಮೂರರಲ್ಲಿ ಒಂದು ಅನ್ನುತ್ತೇನೆ.

ಕುರ್ಚಿಯೇ ಇಲ್ಲದಿದ್ದರೆ

ಇಷ್ಟಕ್ಕೇ ನಿಂತಿದ್ದರೆ ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಇದೇ ಥರದ ಯೋಚನೆಯನ್ನು ಕೆಲವರು ಇಡೀ ಮನುಷ್ಯಕುಲಕ್ಕೆ ಹಚ್ಚಿದ್ದಾರೆ. ಎರಡು ಡಬ್ಬಿ ಇವೆ ಅನ್ನಿ. ಒಂದರಲ್ಲಿ 1ರಿಂದ 10ರ ತನಕ ಚೀಟಿ, ಇನ್ನೊಂದರಲ್ಲಿ 1ರಿಂದ 1000ದ ತನಕ. ಯಾವ ಡಬ್ಬಿ ಅಂತ ಗೊತ್ತಿಲ್ಲದೆ ಒಂದು ಚೀಟಿ ತೆಗೆದಿರಿ, 7 ಬಂತು. ಅದು ಸಣ್ಣ ಡಬ್ಬಿ ಆಗಿರುವ ಸಾಧ್ಯತೆ ನೂರು ಪಟ್ಟು ಜಾಸ್ತಿ. ಈಗ ಚೀಟಿಯ ಬದಲು ನಿಮ್ಮ ಹುಟ್ಟಿನ ನಂಬರ್ ಇಡಿ. ಈವರೆಗೆ ಹುಟ್ಟಿದ ಮನುಷ್ಯರು ಹತ್ತು ಸಾವಿರ ಕೋಟಿ ದಾಟಿದ್ದಾರೆ ಅಂತ ಅಂದಾಜು. ಮುಂದೆ ಇದರ ಸಾವಿರ ಪಟ್ಟು ಜನ ಹುಟ್ಟುವುದಾದರೆ, ಇಷ್ಟು ಮೊದಲೇ ಹುಟ್ಟಿದವರಲ್ಲಿ ನಾವಿರುವುದು ಅಪರೂಪ. ಹಾಗಾಗಿ ಡಬ್ಬಿ ಸಣ್ಣದೇ ಇರಬೇಕು, ಕೊನೆ ಹತ್ತಿರ ಇರಬೇಕು. ಬ್ರಾಂಡನ್ ಕಾರ್ಟರ್ 1983ರಲ್ಲಿ ಈ ವಾದ ಮುಂದಿಟ್ಟರು, ಜಾನ್ ಲೆಸ್ಲಿ ಬೆಳೆಸಿದರು. ರಿಚರ್ಡ್ ಗಾಟ್ ಎಂಬ ಖಗೋಳ ವಿಜ್ಞಾನಿ 1969ರಲ್ಲಿ ಬರ್ಲಿನ್ ಗೋಡೆ ನೋಡಲು ಹೋಗಿದ್ದರು. ಗೋಡೆಗೆ ಆಗ 8 ವರ್ಷ. ನಾನು ಬಂದ ಹೊತ್ತಿಗೇನೂ ವಿಶೇಷ ಇಲ್ಲ, ಹಾಗಾಗಿ ಇದರ ಆಯುಷ್ಯದ ನಡುವಿನ ಅರ್ಧ ಭಾಗದಲ್ಲಿ ನಾನಿರುವ ಸಾಧ್ಯತೆ ಅರ್ಧ ಅಂತ ಲೆಕ್ಕ ಹಾಕಿದರು. ಅಂದರೆ ಇನ್ನು ಸುಮಾರು 2.7 ವರ್ಷಕ್ಕಿಂತ ಜಾಸ್ತಿ, 24 ವರ್ಷಕ್ಕಿಂತ ಕಡಿಮೆ. ಗೋಡೆ ಬಿದ್ದದ್ದು 1989ರಲ್ಲಿ, 20 ವರ್ಷಕ್ಕೆ. 1993ರಲ್ಲಿ ಅವರು ಇದೇ ದಾರಿಯಲ್ಲಿ ಮನುಷ್ಯಕುಲದ ಬಗ್ಗೆ 'ನೇಚರ್' ಪತ್ರಿಕೆಯಲ್ಲಿ ಬರೆದರು.

ಇದರಿಂದ ತಪ್ಪಿಸಿಕೊಳ್ಳಲು ಒಂದು ದಾರಿ ಇದೆ. 'ಜಾಸ್ತಿ ಜನ ಇರುವ ಜಗತ್ತಿನಲ್ಲಿ ನಾನು ಇರುವ ಸಾಧ್ಯತೆಯೂ ಜಾಸ್ತಿ' ಅಂದುಬಿಟ್ಟರೆ ಡಬ್ಬಿಯ ಲೆಕ್ಕಕ್ಕೆ ಸರಿಯಾಗಿ ಎದುರು ತೂಕ ಬೀಳುತ್ತದೆ, ಕೊನೆಯ ಭಯ ಹೋಗುತ್ತದೆ. ಮೂರರಲ್ಲಿ ಒಂದು ಅನ್ನುವವರು ಒಳಗೊಳಗೇ ಹಿಡಿದಿರುವ ದಾರಿಯೂ ಇದೇ. ಆದರೆ ನಿಕ್ ಬೋಸ್ಟ್ರಮ್ ಇದರ ಮುಂದೆ ಒಂದು ಚಿತ್ರ ಇಟ್ಟರು. ವಿಜ್ಞಾನಿಗಳ ಬಳಿ ಎರಡು ಸಿದ್ಧಾಂತ ಇವೆ. ಒಂದರ ಪ್ರಕಾರ ವಿಶ್ವದಲ್ಲಿ ಇನ್ನೊಂದಕ್ಕಿಂತ ಲಕ್ಷ ಕೋಟಿ ಪಟ್ಟು ಜಾಸ್ತಿ ಜೀವಿಗಳಿವೆ. ಯಾವುದು ಸರಿ ಅಂತ ನೋಡಲು ಪ್ರಯೋಗಕ್ಕೆ ಸಿದ್ಧರಾಗುತ್ತಿದ್ದಾರೆ. ಆಗ ಒಬ್ಬ ತತ್ವಶಾಸ್ತ್ರಜ್ಞ ಬಂದು, ಪ್ರಯೋಗ ಯಾಕೆ, ಜಾಸ್ತಿ ಜೀವಿಗಳ ಸಿದ್ಧಾಂತವೇ ಲಕ್ಷ ಕೋಟಿ ಪಟ್ಟು ಸಂಭವ, ನಾವು ಇದ್ದೇವಲ್ಲ, ಅದೇ ಸಾಕ್ಷಿ ಅನ್ನುತ್ತಾನೆ. ಇದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ವಿಶ್ವದ ಗಾತ್ರ ಹೇಳಬಹುದು ಅಂದರೆ ಎಲ್ಲೋ ತಪ್ಪಿದೆ.

ತಪ್ಪಿರುವುದು ಎಲ್ಲಿ? ತುಂಬ ದಿನ ಯೋಚಿಸಿದ ಮೇಲೆ ನನಗೆ ಕಂಡದ್ದು ಇಷ್ಟು. ಸುಂದರಿಗೆ ಒಂದು ಭಾನುವಾರ ಇತ್ತು. ಎದ್ದೇ ಏಳುತ್ತೇನೆ ಅಂತ ಗೊತ್ತಿದ್ದ, ನಿಯಮ ಕೇಳಿಸಿಕೊಂಡ ಒಬ್ಬಳು ಇದ್ದಳು. ಎರಡು ಎಚ್ಚರವೂ ಆಕೆಯವೇ. ಪಕ್ಕದಲ್ಲಿ ಕುರ್ಚಿ ಇತ್ತು, ಅದರಲ್ಲಿ ದಿನ ಯಾವುದು ಅಂತ ಗೊತ್ತಿದ್ದವರು ಇದ್ದರು. ಮಂಚದ ಲೆಕ್ಕವನ್ನು ಕುರ್ಚಿಯ ಲೆಕ್ಕದ ಜೊತೆ ಇಟ್ಟು ನೋಡಬಹುದಿತ್ತು, ನೂರು ವಾರದ ಹಾಳೆಗಳನ್ನು ಜೋಡಿಸಬಹುದಿತ್ತು. ವಿಶ್ವದ ಪ್ರಶ್ನೆಯಲ್ಲಿ ನನಗೆ ಭಾನುವಾರ ಇಲ್ಲ. ಹುಟ್ಟುವ ಮುಂಚೆ ನಾನು ಎಲ್ಲೋ ಕಾಯುತ್ತಾ ಇರಲಿಲ್ಲ, ಜಾಸ್ತಿ ಸೀಟು ಇದ್ದರೆ ನನಗೊಂದು ಸಿಗುತ್ತದೆ ಅನ್ನುವುದಕ್ಕೆ. ಡಬ್ಬಿಯಿಂದ ನನ್ನನ್ನು ಯಾರೂ ಚೀಟಿಯ ಹಾಗೆ ಎತ್ತಲೂ ಇಲ್ಲ. ಹೊರಗೆ ಕೂತು ಎಣಿಸಬಲ್ಲ ಯಾರೂ ಇಲ್ಲದ ಕಡೆ ಮಂಚದ ಲೆಕ್ಕವನ್ನೂ ಡಬ್ಬಿಯ ಲೆಕ್ಕವನ್ನೂ ಅಷ್ಟೇ ಧೈರ್ಯದಿಂದ ಹಾಕಬಹುದು ಅಂತ ನನಗೆ ಅನ್ನಿಸುವುದಿಲ್ಲ. ಈ ಗೆರೆ ಎಳೆಯಲು ಆಗದು, ಎರಡೂ ಒಂದೇ ಅಂತ ವಾದಿಸುವವರು ಇದ್ದಾರೆ. ಅವರ ವಾದ ಗಟ್ಟಿಯಾಗಿಯೇ ಇದೆ. ಆದರೂ ಸದ್ಯಕ್ಕೆ ನಾನು ನಿಂತಿರುವುದು ಇಲ್ಲಿ.

ಹಾಳೆ

ಐದನೇ ಸಲದ ಮಾತು ಆದ ಮೇಲೆ ನಾನು ಚೀಲದಿಂದ ಒಂದು ಹಾಳೆ ತೆಗೆದೆ. ದೊಡ್ಡ ಅಕ್ಷರದಲ್ಲಿ ಬರೆದೆ: 'ಆಪರೇಷನ್ ಆಯ್ತು. ಚೆನ್ನಾಗಿ ಆಯ್ತು.' ಕೆಳಗೆ ಐದು ಗೆರೆ ಎಳೆದೆ. ಅಪ್ಪನ ಕಣ್ಣಿಗೆ ಕಾಣುವ ಹಾಗೆ ಅದನ್ನು ನೀರಿನ ಬಾಟಲಿಗೆ ಒರಗಿಸಿ ಇಟ್ಟೆ. ಆರನೇ ಸಲ ಎದ್ದಾಗ ಅವರು ಹಾಳೆ ನೋಡಲೇ ಇಲ್ಲ, ನೇರ ನನ್ನನ್ನೇ ಕೇಳಿದರು. ಉತ್ತರ ಕೊಟ್ಟು ಇನ್ನೊಂದು ಗೆರೆ ಎಳೆದೆ. ಏಳನೇ ಸಲ ಕಣ್ಣು ಬಿಟ್ಟಾಗ ಮುಖ ಬಾಟಲಿಯ ಕಡೆಗೇ ತಿರುಗಿತ್ತು. ಬಾಯಿ ತೆರೆದವರು ನಿಲ್ಲಿಸಿದರು. ನಿಧಾನವಾಗಿ ಓದಿದರು. ಆಮೇಲೆ ಕೈ ಎತ್ತಿ, ಬೆರಳಿನಿಂದ ಗಾಳಿಯಲ್ಲಿ ಒಂದೊಂದೇ ಗೆರೆ ಎಣಿಸಿದರು. "ಆರು ಗೆರೆ ಇದೆ. ಹಾಗಾದ್ರೆ ಇದು ಏಳನೇದು, ಅಲ್ವಾ?" ಅಂದರು. ಹೌದು ಅಂದೆ. ಆ ಏಳನೆಯದು ಮಾತ್ರ ಅವರಿಗೆ ಇವತ್ತಿಗೂ ನೆನಪಿದೆ.

ಹಾಳೆಯನ್ನು ಎತ್ತಿಟ್ಟಿದ್ದೇನೆ. ಮೊನ್ನೆ ತೆಗೆದು ನೋಡುವಾಗ ಒಂದು ಸಂಗತಿ ನೆನಪಾಯಿತು. ಮೊದಲ ಐದು ಗೆರೆಗಳನ್ನು ನಾನು ಆಮೇಲೆ, ನೆನಪಿನಿಂದ ಎಳೆದದ್ದು. ಹಿಂದಿನ ರಾತ್ರಿ ಪೂರ್ತಿ ನಿದ್ದೆ ಇರಲಿಲ್ಲ. ಮೂರನೇ ಸಲಕ್ಕೂ ನಾಲ್ಕನೇ ಸಲಕ್ಕೂ ನಡುವೆ ಕುರ್ಚಿಯಲ್ಲೇ ನನಗೆ ಜೊಂಪು ಹತ್ತಿತ್ತು. ಎಷ್ಟು ಹೊತ್ತು ಅಂತ ಹೇಳಲಾರೆ. ಆ ಹೊತ್ತಿನಲ್ಲಿ ಅಪ್ಪ ಎದ್ದು, ಫ್ಯಾನ್ ನೋಡಿ, ನನ್ನನ್ನು ನೋಡಿ, ಪಾಪ ಮಲಗಿದೆ, ಎಬ್ಬಿಸುವುದು ಬೇಡ ಅಂತ ಏನೂ ಕೇಳದೆ ಮತ್ತೆ ಕಣ್ಣು ಮುಚ್ಚಿರಲೂಬಹುದು. ಹಾಳೆಯ ಮೇಲೆ ಏಳು ಗೆರೆ ಇವೆ.